ಬೀಜದ ಸರ, ಗೆರಟೆಯ ಪದಕ, ರೆಂಜೆಯ ಪರಿಮಳ: ಹಿತ್ತಿಲಿನಿಂದಲೇ ಆಭರಣ ಮಾಡುವ ಬಗೆ

ನಾನು ಮಾಡಿದ ಮೊದಲ ಬೀಜದ ಸರ ಹುಳದ ಪಾಲಾಯಿತು. ಕಕ್ಕೆಕಾಯಿ ಒಡೆದು, ನಯವಾದ ಕಂದು ಬೀಜ ಆರಿಸಿ, ಎರಡೇ ದಿನ ಬಿಸಿಲಿಗಿಟ್ಟು ಪೋಣಿಸಿ, ಚಿಕ್ಕಮ್ಮನ ಮಗಳ ಮದುವೆಗೆ ಉಡುಗೊರೆ ಕೊಟ್ಟಿದ್ದೆ. ನಾಲ್ಕು ತಿಂಗಳ ಮೇಲೆ ಅವಳು ಒಂದು ಫೋಟೊ ಕಳಿಸಿದಳು. ಡಬ್ಬಿಯ ತಳದಲ್ಲಿ ಹಿಟ್ಟಿನಂಥ ಪುಡಿ, ಬೀಜಕ್ಕೊಂದರಂತೆ ಗುಂಡಗಿನ ತೂತು. ನಾನು ಕೊರೆದ ತೂತಲ್ಲ, ಒಳಗಿದ್ದವರು ಕೊರೆದುಕೊಂಡು ಹೊರಬಂದ ತೂತು. ಪೋಣಿಸಲು ಕೂತಾಗಲೇ ಅಜ್ಜಿ ಎಚ್ಚರಿಸಿದ್ದಳು, "ಇನ್ನೂ ಒಣಗಿದ್ದಿಲ್ಲೆ ಕೂಸೇ" ಅಂತ. ಕೇಳುವ ವಯಸ್ಸಾಗಿರಲಿಲ್ಲ.

ಅವತ್ತಿನಿಂದ ಈ ಕೆಲಸದಲ್ಲಿ ನನ್ನ ಮುಕ್ಕಾಲು ಪಾಲು ಸಮಯ ಹೋಗುವುದು ಹೆಕ್ಕುವುದಕ್ಕೆ, ಒಣಗಿಸುವುದಕ್ಕೆ, ಕಾಯುವುದಕ್ಕೆ. ವಿನ್ಯಾಸ, ಬಣ್ಣದ ಜೋಡಣೆ ಎಲ್ಲ ಆಮೇಲೆ. ಮಾರುಕಟ್ಟೆಯಿಂದ ಮಣಿ ತಂದು ಪೋಣಿಸುವವರಿಗೆ ಈ ಭಾಗ ಇರುವುದಿಲ್ಲ. ಮರದಡಿಯಿಂದ ಹೆಕ್ಕಿ ತರುವವರಿಗೆ ಇದೇ ಕೆಲಸ. ಕೆಳಗೆ ಬರೆದಿರುವುದು ಒಂದು ಬೀಜದ ಸರ, ಅದಕ್ಕೊಂದು ತೆಂಗಿನ ಗೆರಟೆಯ ಪದಕ, ಆಮೇಲೆ ಫ್ರೇಮು ಕಟ್ಟಿಸಿಟ್ಟುಕೊಳ್ಳಬಹುದಾದ, ನರಗಳ ಬಲೆ ಮಾತ್ರ ಉಳಿಸಿದ ಅರಳಿ ಎಲೆಯ ಜಾಲರಿ ಮತ್ತು ಟ್ರಂಕಿನಲ್ಲಿಡುವ ರೆಂಜೆ ಹೂವಿನ ಸರ, ಇಷ್ಟನ್ನು ಮಾಡುವ ಕ್ರಮ.

ಇದೇನೂ ಹೊಸ ಹುಚ್ಚಲ್ಲ. ಹಾವೇರಿಯಲ್ಲಿ ಏಲಕ್ಕಿಯನ್ನು ಹಾರವಾಗಿ ಕಟ್ಟುತ್ತಾರೆ, ಶಿವಮೊಗ್ಗದಲ್ಲಿ ಅಡಿಕೆಯನ್ನು. ಸಭೆಯಲ್ಲಿ ಅತಿಥಿಯ ಕೊರಳಿಗೆ ಬಿದ್ದು, ಅವರ ಮನೆಯ ಗೋಡೆಯಲ್ಲಿ ವರ್ಷಗಟ್ಟಲೆ ಉಳಿಯುವ ಹಾರಗಳವು. ಲಾವಂಚದ ಹಾರ ಉತ್ತರ ಕನ್ನಡದ ಅಂಗಡಿಗಳಲ್ಲಿ ಸಿಗುತ್ತದೆ. ಮೂರೂ ಉಳಿಯುವುದಕ್ಕೆ ಕಾರಣ ಒಂದೇ, ಪೂರ್ತಿ ಒಣಗಿದ ಸರಕು.

ಯಾವ ಬೀಜ, ಯಾವುದು ಬೇಡ

ಮಂಜಟ್ಟಿಯಿಂದ ಶುರುಮಾಡಿ. ಕರಾವಳಿಯವರು ಮಂಜೊಟ್ಟಿ ಅನ್ನುತ್ತಾರೆ, ಚೆನ್ನೆಮಣೆಯ ಗುಳಿಗೆ ಹಾಕಿ ಆಡುವ ಕೆಂಪು ಬೀಜ ಇದೇ. ಕೋಡು ಸುರುಳಿ ಸುತ್ತಿಕೊಂಡು ಬಾಯಿಬಿಟ್ಟು, ಬೀಜ ತಾನಾಗಿ ನೆಲಕ್ಕುದುರುತ್ತದೆ. ಬಣ್ಣ ಹಚ್ಚಬೇಕಿಲ್ಲ, ಹೊಳಪು ಕೊಡಬೇಕಿಲ್ಲ, ವರ್ಷಗಳಾದರೂ ಮಾಸುವುದಿಲ್ಲ. ಅಗಲ ಸುಮಾರು 8 ಮಿ.ಮೀ. ನಾಲ್ಕು ಬೀಜ ತೂಗಿದರೆ ಹೆಚ್ಚುಕಡಿಮೆ ಒಂದು ಗ್ರಾಂ, ಹಾಗಾಗಿ ಐವತ್ತು ಬೀಜ ಪೋಣಿಸಿದರೂ ಕೊರಳಿಗೆ ಭಾರವಿಲ್ಲ.

ಎರಡನೆಯದು ಅಂಟುವಾಳ. ಸಿಪ್ಪೆ ತಲೆಗೂ ರೇಷ್ಮೆ ಸೀರೆಗೂ ಬೆಳ್ಳಿ ತೊಳೆಯುವುದಕ್ಕೂ ಹೋಗುತ್ತದೆ, ಬೀಜವನ್ನು ಎಸೆಯುತ್ತೇವೆ. ಎಸೆಯಬೇಡಿ. ಒಂದು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದಾದ, ಕರಿಮಣಿಯ ಬಣ್ಣದ ಗುಂಡು ಅದು. ಬುಡದಲ್ಲಿ ಸ್ವಲ್ಪ ನವಿರಾದ ಜುಂಗು ಇರುತ್ತದೆ, ಒರಟು ಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ಹೋಗುತ್ತದೆ.

ಕಾಬಾಳೆ ಹೂವಿನ ಬೀಜ ಸಣ್ಣ ಕಪ್ಪು ಗುಂಡು, ಕಿವಿಯೋಲೆಗೆ ಚೆನ್ನ. ಗಜ್ಜುಗ ಬೂದುಬಣ್ಣದ್ದು, ಗೋಲಿಯಷ್ಟು ದೊಡ್ಡದು. ಶಾಲೆಯಲ್ಲಿ ಅದನ್ನು ಕಲ್ಲಿಗೆ ಉಜ್ಜಿ ಪಕ್ಕದವಳ ಕೈಗೆ ಬಿಸಿ ಮುಟ್ಟಿಸಿದವರಿಗೆ ಅದರ ಗಟ್ಟಿತನ ಗೊತ್ತಿರುತ್ತದೆ. ಸರದ ನಡುವೆ ಒಂದೋ ಎರಡೋ ಸಾಕು. ಜಾಬ್ಸ್ ಟಿಯರ್ಸ್ ಅನ್ನುವ ಹುಲ್ಲಿನ ಬೂದು ಮಣಿ ಸಿಕ್ಕಿದರೆ ಅದೃಷ್ಟ, ಅದಕ್ಕೆ ಹುಟ್ಟುವಾಗಲೇ ತೂತು ಇರುತ್ತದೆ. ಈಶಾನ್ಯ ರಾಜ್ಯಗಳ ಆಭರಣಗಳಲ್ಲಿ ಈ ಮಣಿಯನ್ನು ಧಾರಾಳವಾಗಿ ನೋಡಬಹುದು.

ಇನ್ನು ಗುಲಗಂಜಿ. ಚಂದಕ್ಕೆ ಅದನ್ನು ಮೀರಿಸಿದ್ದಿಲ್ಲ, ಹಾಗಾಗಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ನನ್ನ ಉತ್ತರ ಒಂದೇ: ಬೇಡ. ಅದರೊಳಗಿನ ಅಬ್ರಿನ್ ಅನ್ನುವ ವಿಷ ಬಹಳ ಕಡಿಮೆ ಪ್ರಮಾಣದಲ್ಲೂ ಪ್ರಾಣಾಪಾಯ ತರುವಂಥದ್ದು. ಅಕ್ಕಸಾಲಿಗರು ಶತಮಾನಗಳ ಕಾಲ ಅದನ್ನು ತೂಕಕ್ಕೆ ಬಳಸಿದರಲ್ಲ ಅಂದರೆ, ಅವರು ಇಡೀ ಬೀಜ ಬಳಸಿದರು. ಗಟ್ಟಿ ಸಿಪ್ಪೆ ಮುಚ್ಚಿರುವಷ್ಟು ಹೊತ್ತು ವಿಷ ಒಳಗೇ ಇರುತ್ತದೆ. ನಾವು ಮಾಡುವುದು ಆ ಸಿಪ್ಪೆಗೆ ತೂತು ಕೊರೆಯುವ ಕೆಲಸ, ಅದರ ಧೂಳನ್ನು ಉಸಿರಾಡುವ ಕೆಲಸ, ಆಮೇಲೆ ತೂತಾದ ಬೀಜವನ್ನು ಮಗುವಿನ ಬಾಯಿಗೆಟುಕುವ ಹಾಗೆ ಕೊರಳಲ್ಲಿ ಹಾಕಿಕೊಳ್ಳುವ ಕೆಲಸ. 2011ರಲ್ಲಿ ಇಂಗ್ಲೆಂಡಿನ ಈಡನ್ ಪ್ರಾಜೆಕ್ಟ್ ಸಸ್ಯೋದ್ಯಾನದವರು ತಾವು ಮಾರಿದ್ದ ಗುಲಗಂಜಿ ಕೈಬಳೆಗಳನ್ನು ಇದೇ ಕಾರಣಕ್ಕೆ ವಾಪಸ್ ಕೇಳಿದರು. ಹರಳು ಬೀಜ, ಹಳದಿ ಕಣಗಿಲೆ ಬೀಜ, ದತ್ತೂರದ ಬೀಜಕ್ಕೂ ಇದೇ ಮಾತು. ಕೆಂಪೇ ಬೇಕಿದ್ದರೆ ಮಂಜಟ್ಟಿ ಇದೆಯಲ್ಲ. ಅದನ್ನೂ ಹಸಿಯಾಗಿ ತಿನ್ನುವಂತಿಲ್ಲ, ಚಿಕ್ಕ ಮಕ್ಕಳಿಗೆ ಯಾವ ಬೀಜದ ಸರವನ್ನೂ ಹಾಕಬೇಡಿ.

ಹೆಕ್ಕುವ ಜಾಗದ ಬಗ್ಗೆ ಒಂದು ಮಾತು. ಮನೆಯಂಗಳ, ತೋಟ, ರಸ್ತೆಬದಿಯಲ್ಲಿ ಉದುರಿದ್ದು ಸಾಕಷ್ಟಾಗುತ್ತದೆ. ಅಭಯಾರಣ್ಯದಿಂದ ಬೀಜವನ್ನಾಗಲಿ ಗರಿಯನ್ನಾಗಲಿ ತರುವಂತಿಲ್ಲ. ಸಮುದ್ರದಂಡೆಗೆ ಹೋದವರು ಹವಳದ ತುಂಡು, ಬೀಸಣಿಗೆಯ ಹಾಗೆ ಕವಲೊಡೆದ ಸಮುದ್ರ ಜೀವಿಯ ಕಡ್ಡಿ, ಕಡಲ ಕುದುರೆ ಇವನ್ನು ಕಿಸೆಗೆ ಹಾಕಿಕೊಳ್ಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವಕ್ಕೆ ರಕ್ಷಣೆ ಇದೆ. ಕೆಲವು ಜಾತಿಯ ದೊಡ್ಡ ಶಂಖಚಿಪ್ಪುಗಳಿಗೂ ಇದೆ.

ತೊಳೆ, ಒಣಗಿಸು, ಕಾಯಿ

ಅಂಟುವಾಳದ ಕಾಯನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಹಿಸುಕಿ ಬೀಜ ಬೇರೆ ಮಾಡಿ. ನೊರೆ ನೀರನ್ನು ಚೆಲ್ಲಬೇಡಿ, ಅವತ್ತಿನ ತಲೆಸ್ನಾನಕ್ಕಾಯಿತು. ಮಂಜಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಇದೇ ಹೊತ್ತಿಗೆ ಆರಿಸಿಬಿಡಿ: ಬಿರುಕು, ಸುಕ್ಕು, ಸೂಜಿಮೊನೆಯಷ್ಟು ತೂತು ಇದ್ದದ್ದೆಲ್ಲ ಪಕ್ಕಕ್ಕೆ. ಒಂದು ಹುಳ ಹಿಡಿದ ಬೀಜ ಇಡೀ ಡಬ್ಬಿಗೆ ಹಬ್ಬುತ್ತದೆ.

ಒಣಗಿಸಲು ಮೊರ ಒಳ್ಳೆಯದು, ಕೆಳಗಿನಿಂದಲೂ ಗಾಳಿಯಾಡುತ್ತದೆ. ಮೊದಲ ಮೂರು ದಿನ ನೆರಳಲ್ಲಿ, ಆಮೇಲೆ ಎಳೆಬಿಸಿಲಲ್ಲಿ. ಹಸಿ ಬೀಜವನ್ನು ನೇರ ಮಧ್ಯಾಹ್ನದ ಬಿಸಿಲಿಗೆ ಹಾಕಿದರೆ ಮೇಲಿನ ಸಿಪ್ಪೆ ಬೇಗ ಬಿಗಿದು ಸೀಳುತ್ತದೆ. ಎಷ್ಟು ದಿನ ಅಂತ ಕೇಳಿದರೆ, ದಿನ ಎಣಿಸಬೇಡಿ, ತೂಕ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಐವತ್ತು ಬೀಜ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ದಿನಕ್ಕೊಮ್ಮೆ ಅದೇ ಐವತ್ತನ್ನು ತೂಗಿ. ಎರಡು ಸಲ ಒಂದೇ ತೂಕ ಬಂತೆಂದರೆ ಒಣಗಿತು. ನಮ್ಮ ಕಡೆ ಮಾಘ–ಫಾಲ್ಗುಣದಲ್ಲಿ ಅಂಟುವಾಳಕ್ಕೆ ಎರಡರಿಂದ ಮೂರು ವಾರ ಹಿಡಿಯುತ್ತದೆ, ಮಳೆಗಾಲದಲ್ಲಾದರೆ ಆ ಕೆಲಸಕ್ಕೇ ಕೈಹಾಕಬಾರದು. ಅಜ್ಜಿಗೆ ತಕ್ಕಡಿ ಬೇಕಿರಲಿಲ್ಲ. ಸ್ಟೀಲ್ ತಟ್ಟೆಗೆ ಬೀಜ ಬೀಳಿಸಿ ಸದ್ದು ಕೇಳುತ್ತಿದ್ದಳು. ಒಣಗಿದ್ದು ಟಣ್ಣನೆ ಪುಟಿಯುತ್ತದೆ, ಹಸಿಯದ್ದು ಡಬ್ಬೆಂದು ಕೂರುತ್ತದೆ. ಚೆನ್ನಾಗಿ ಒಣಗಿದ ಅಂಟುವಾಳವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ತಿರುಳು ಗಿಲಕಿಯ ಹಾಗೆ ಸದ್ದು ಮಾಡುವುದೂ ಉಂಟು.

ಒಣಗಿದ ಮೇಲೂ ಒಳಗೆ ಮೊಟ್ಟೆ ಇರಬಹುದು. ಬೀಜವನ್ನು ಜಿಪ್ ಕವರಿನಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು, ಫ್ರಿಜ್ಜಿನ ಮೇಲ್ಭಾಗದ ಫ್ರೀಜರಿನಲ್ಲಿ ಒಂದು ವಾರ ಇಡಿ. ತೆಗೆದ ತಕ್ಷಣ ಕವರ್ ಬಿಚ್ಚಬಾರದು. ತಣ್ಣನೆಯ ಬೀಜದ ಮೇಲೆ ಹೊರಗಿನ ತೇವ ಹನಿಗಟ್ಟಿ, ಅಷ್ಟು ದಿನ ಒಣಗಿಸಿದ್ದು ನೀರಾಗುತ್ತದೆ. ಅರ್ಧ ದಿನ ಹಾಗೇ ಬಿಟ್ಟು ಆಮೇಲೆ ಬಿಚ್ಚಿ. ಬೇವಿನೆಲೆ, ಕರ್ಪೂರ ಡಬ್ಬಿಯಲ್ಲಿಡುವುದು ಹೊಸ ಹುಳ ಬಾರದ ಹಾಗೆ ಸ್ವಲ್ಪ ತಡೆಯಬಹುದು. ಒಳಗಿದ್ದದ್ದನ್ನು ಅದರಿಂದ ಕೊಲ್ಲುತ್ತೇನೆಂದು ನಂಬಿ ಕೂತರೆ ನನ್ನ ಚಿಕ್ಕಮ್ಮನ ಮಗಳ ಸರದ ಗತಿ.

ಕಾಬಾಳೆಗೆ ಮಾತ್ರ ಈ ಕ್ರಮ ತಿರುವುಮುರುವು. ಅದನ್ನು ಒಣಗಿಸಿದ ಮೇಲೆ ಕೊರೆಯುವುದು ಕಲ್ಲು ಕೊರೆದ ಹಾಗೆ. ಕಾಯಿ ಬಲಿತು ಬೀಜ ಬಿಳಿಯಿಂದ ಕಂದಿಗೆ ತಿರುಗುವ ಹೊತ್ತಿಗೆ ಬಿಡಿಸಿ, ದಪ್ಪ ಸೂಜಿಯಿಂದ ಚುಚ್ಚಿ, ಸೂಜಿಯಲ್ಲೋ ಮೀನಿನ ಗಾಳದ ನೈಲಾನ್ ದಾರದಲ್ಲೋ ಪೋಣಿಸಿದ ಹಾಗೇ ಒಣಗಲು ಬಿಡಿ. ಒಣಗುತ್ತ ಕಪ್ಪಾಗಿ ಗಟ್ಟಿಯಾಗುತ್ತದೆ, ತೂತು ಉಳಿಯುತ್ತದೆ. ಎರಡು ದಿನಕ್ಕೊಮ್ಮೆ ದಾರದ ಮೇಲೆ ಬೀಜವನ್ನು ತಿರುಗಿಸದಿದ್ದರೆ ಅಂಟಿಕೊಂಡು ಕೂರುತ್ತದೆ.

ತೂತು ಕೊರೆಯುವುದು

ಬೇಕಾದ ಸಾಮಾನು ಇಷ್ಟು: ಕೈಯಲ್ಲೇ ತಿರುಗಿಸುವ ಪಿನ್ ವೈಸ್ (ಡ್ರಿಲ್ ಬಿಟ್ ಕಚ್ಚಿಸುವ ಪುಟ್ಟ ಹಿಡಿ) ಅಥವಾ ಸಣ್ಣ ಮಿನಿ ಡ್ರಿಲ್, 1 ಮಿ.ಮೀ.ನ ನಾಲ್ಕೈದು ಡ್ರಿಲ್ ಬಿಟ್ (ಮುರಿಯುತ್ತವೆ, ಒಂದೇ ತಂದು ಕೂರಬೇಡಿ), ಮೂರು ಮೂಲೆಯ ಸಣ್ಣ ಅರ, ಬೀಜವನ್ನು ದವಡೆಯಲ್ಲಿ ಬಿಗಿಹಿಡಿಯುವ ಒಂದು ಪುಟ್ಟ ವೈಸ್, ಹಳೆಯ ಸೈಕಲ್ ಟ್ಯೂಬಿನ ತುಂಡು, ಕನ್ನಡಕ, ಮಾಸ್ಕ್.

ಬೀಜವನ್ನು ಬೆರಳಲ್ಲಿ ಹಿಡಿದು ಕೊರೆಯುವುದು ಬೇಡ. ಬಿಟ್ ಜಾರಿದರೆ ನೇರ ಉಗುರಿನ ಬುಡಕ್ಕೆ ಹೋಗುತ್ತದೆ. ವೈಸಿನ ಎರಡೂ ದವಡೆಗೆ ಟ್ಯೂಬಿನ ತುಂಡು ಕೊಟ್ಟು, ಬೀಜವನ್ನು ಹದವಾಗಿ ಬಿಗಿಯಿರಿ. ಮಂಜಟ್ಟಿಯ ಮೈ ಗಾಜಿನಷ್ಟು ನಯ, ಬಿಟ್ ಅದರ ಮೇಲೆ ನಿಲ್ಲುವುದಿಲ್ಲ. ಅದಕ್ಕೇ ಮೊದಲು ಅರದ ಮೂಲೆಯಿಂದ ಎರಡು ಸಲ ಗೀರಿ ಸಣ್ಣ ಗಾಯ ಮಾಡಿ, ಅಲ್ಲಿ ಬಿಟ್ ಊರಿ. ಅರ್ಧದವರೆಗೆ ಕೊರೆದು, ಬೀಜ ತಿರುಗಿಸಿ, ಆ ಕಡೆಯಿಂದ ಮತ್ತರ್ಧ. ಒಂದೇ ಕಡೆಯಿಂದ ಪೂರ್ತಿ ಕೊರೆದರೆ ಹೊರಬರುವ ಬದಿಯಲ್ಲಿ ಸಿಪ್ಪೆ ಚಕ್ಕೆಯಾಗಿ ಏಳುತ್ತದೆ. ಡ್ರಿಲ್ ನಿಧಾನ ತಿರುಗಲಿ. ಸುಟ್ಟ ವಾಸನೆ ಬಂದರೆ ವೇಗ ಹೆಚ್ಚಾಯಿತು ಅಂತ ಅರ್ಥ. ಕೈಯ ಪಿನ್ ವೈಸಿನಲ್ಲಿ ನನಗೆ ಒಂದು ಬೀಜಕ್ಕೆ ಎರಡು ಮೂರು ನಿಮಿಷ ಬೇಕು. ರೇಡಿಯೊ ಹಾಕಿಕೊಂಡರೆ ಒಂದು ಮಧ್ಯಾಹ್ನಕ್ಕೆ ಇಪ್ಪತ್ತು ಬೀಜ, ಅಷ್ಟೇ.

ಕೊರೆಯುವ ಮೊದಲು ಒಂದು ತೀರ್ಮಾನ ಮಾಡಬೇಕು, ಆಮೇಲೆ ಬದಲಾಯಿಸಲು ಬಾರದು. ಮಂಜಟ್ಟಿ ಮಸೂರಬೇಳೆಯ ಆಕಾರದ್ದು. ಅಂಚಿನಿಂದ ಅಂಚಿಗೆ ಕೊರೆದರೆ ಸರದಲ್ಲಿ ಅದರ ಕೆಂಪು ಮುಖ ಕಾಣುತ್ತದೆ. ಹೊಟ್ಟೆಯಿಂದ ಬೆನ್ನಿಗೆ ಕೊರೆದರೆ ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಒತ್ತಿ ಕೂತು, ಬರೀ ಅಂಚು ಕಾಣುತ್ತದೆ. ಎರಡನೆಯದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಬೀಜ ಬೇಕು. ಮೊದಲ ಸರಕ್ಕೆ ಅಂಚಿನಿಂದ ಅಂಚಿಗೇ ಕೊರೆಯಿರಿ.

ತೂತು ಬಿದ್ದ ಬೀಜಕ್ಕೆ ಇನ್ನು ನೀರು ಶತ್ರು. ಮಂಜಟ್ಟಿಯಂಥ ಬೀಜ ವರ್ಷಗಟ್ಟಲೆ ಕೆಡದೆ ಇರುವುದು ಅದರ ಸಿಪ್ಪೆ ನೀರನ್ನು ಒಳಗೆ ಬಿಡದ ಕಾರಣಕ್ಕೆ. ಗಿಡ ಮಾಡುವವರು ಬಿತ್ತುವ ಮೊದಲು ಸಿಪ್ಪೆಯನ್ನು ಕೆರೆದು ಗಾಯ ಮಾಡುತ್ತಾರೆ, ಆಗಲೇ ನೀರು ಒಳಹೊಕ್ಕು ಮೊಳಕೆ ಬರುವುದು. ನಮ್ಮ ಡ್ರಿಲ್ ಮಾಡಿದ್ದೂ ಅದನ್ನೇ. ಒಂದು ಕೈಸರವನ್ನು ಬಚ್ಚಲಿನ ಗೂಟಕ್ಕೆ ಹಾಕಿ ಎರಡು ದಿನ ಮರೆತಿದ್ದೆ. ಬಕೆಟ್ಟಿಗೆ ಬಿದ್ದು ನೆನೆದು, ಬೀಜಗಳು ಊದಿ ಸಿಪ್ಪೆ ಬಿರಿದು, ಒಳಗಿನ ಹಳದಿ ಬೇಳೆ ಕಾಣುತ್ತಿತ್ತು. ಬಿತ್ತನೆಗೆ ತಯಾರು!

ಪೋಣಿಸುವುದು

ಲೆಕ್ಕ ಹೀಗಿದೆ. ಮಂಜಟ್ಟಿ 8 ಮಿ.ಮೀ., ಪಕ್ಕದ ಗಂಟು 1.5 ಮಿ.ಮೀ., ಒಟ್ಟು 9.5. ಅಂಟುವಾಳ 12 ಮಿ.ಮೀ., ಗಂಟು ಸೇರಿ 13.5. ಮೂವತ್ತಾರು ಮಂಜಟ್ಟಿ, ಎಂಟು ಅಂಟುವಾಳ ಹಾಕಿದರೆ 45 ಸೆಂ.ಮೀ., ಅಂದರೆ ಹದಿನೆಂಟು ಇಂಚಿಗೆ ಹತ್ತಿರ. ಕುತ್ತಿಗೆಯ ಹಿಂದೆ ನಾಲ್ಕು ಇಂಚು ಬರೀ ದಾರ ಬಿಟ್ಟರೆ ಇಪ್ಪತ್ತೆರಡು ಇಂಚಿನ ಸರವಾಯಿತು. ಸೀರೆಗೂ ಕುರ್ತಾಕ್ಕೂ ಹೊಂದುವ ಉದ್ದ. ನಿಮ್ಮ ಬೀಜದ ಅಳತೆ ಬೇರೆ ಇದ್ದೇ ಇರುತ್ತದೆ, ಹತ್ತು ಬೀಜ ಸಾಲಾಗಿಟ್ಟು ಅಳೆದು ಹತ್ತರಿಂದ ಭಾಗಿಸಿ.

ದಾರಕ್ಕೆ 0.7 ಮಿ.ಮೀ.ನ ಮೇಣದ ಹತ್ತಿ ದಾರ ಸರಿ. ನೈಲಾನ್ ಗಟ್ಟಿ, ನಿಜ, ಆದರೆ ಗಂಟು ಜಾರುತ್ತದೆ, ಬೀಜದ ಪಕ್ಕದಲ್ಲಿ ಪ್ಲಾಸ್ಟಿಕ್ ಹೊಳಪು ಕಣ್ಣಿಗೆ ಚುಚ್ಚುತ್ತದೆ. ಒಂದೂಮುಕ್ಕಾಲು ಮೀಟರ್ ಕತ್ತರಿಸಿ. ಅಷ್ಟುದ್ದ ಏಕೆಂದರೆ ಪ್ರತಿ ಗಂಟೂ ಒಂದು ಸೆಂಟಿಮೀಟರಿನಷ್ಟು ದಾರ ನುಂಗುತ್ತದೆ. ತುದಿಗೆ ಸೂಜಿ ಬೇಡ. ಎರಡೂ ತುದಿಯ ಒಂದೊಂದು ಇಂಚಿಗೆ ಫೆವಿಕ್ವಿಕ್ ಸವರಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿದರೆ ದಾರವೇ ಸೂಜಿ.

ನಡುವಿನಿಂದ ಶುರುಮಾಡಿ. ದಾರವನ್ನು ಎರಡಾಗಿ ಮಡಚಿ, ಮಡಿಕೆಯನ್ನು ಪದಕದ ತೂತಿನಲ್ಲಿ ತೂರಿಸಿ, ಎರಡೂ ತುದಿಯನ್ನು ಆ ಕುಣಿಕೆಯೊಳಗಿಂದ ಎಳೆದು ಬಿಗಿಯಿರಿ. ಈಗ ಎರಡು ಎಳೆ. ಒಂದೊಂದಕ್ಕೂ ಒಂದು ಗಂಟು, ಒಂದು ಅಂಟುವಾಳ, ಗಂಟು, ಆಮೇಲೆ ನಾಲ್ಕು ಮಂಜಟ್ಟಿ, ಮತ್ತೆ ಅಂಟುವಾಳ, ನಾಲ್ಕು, ಅಂಟುವಾಳ, ಐದು, ಅಂಟುವಾಳ, ಐದು. ಪ್ರತಿ ಬೀಜದ ನಂತರವೂ ಗಂಟು. ಗಂಟು ಬೀಜಕ್ಕೆ ಒತ್ತಿ ಕೂರಬೇಕಾದರೆ ಸಡಿಲ ಗಂಟಿನ ಕಣ್ಣಿಗೆ ದಪ್ಪ ಸೂಜಿ ಚುಚ್ಚಿ, ಸೂಜಿಯಿಂದಲೇ ಗಂಟನ್ನು ಬೀಜದ ಬುಡಕ್ಕೆ ತಳ್ಳಿ, ದಾರ ಎಳೆಯುತ್ತ ಸೂಜಿ ಜಾರಿಸಿ ತೆಗೆಯಿರಿ. ಮೊದಲ ಆರೇಳು ಗಂಟು ಕೆಡುತ್ತವೆ. ಈ ತಾಪತ್ರಯ ಯಾಕೆ ಅಂದರೆ, ಬಸ್ಸಿನಲ್ಲಿ ಸರ ಹರಿದ ದಿನ ಗೊತ್ತಾಗುತ್ತದೆ. ಗಂಟಿದ್ದರೆ ಒಂದು ಬೀಜ ಹೋಗುತ್ತದೆ, ಗಂಟಿಲ್ಲದಿದ್ದರೆ ಸೀಟಿನಡಿ ನಲವತ್ತನಾಲ್ಕು ಹುಡುಕಬೇಕು.

ಕೊಕ್ಕೆ ಬೇಡ. ಕಡಿಮೆ ಬೆಲೆಯ ಲೋಹದ ಕೊಕ್ಕೆಯಲ್ಲಿ ನಿಕ್ಕಲ್ ಇರಬಹುದು, ಬೆವರಿಗೆ ಕುತ್ತಿಗೆ ತುರಿಸುತ್ತದೆ. ಜಾರುಗಂಟು ಹಾಕಿ: ಎರಡೂ ತುದಿಯನ್ನು ಎದುರುಬದುರು ದಿಕ್ಕಿನಿಂದ ತಂದು ಒಂದರ ಪಕ್ಕ ಒಂದು ಇಡಿ. ಬಲದ ತುದಿಯನ್ನು ಎಡದ ದಾರಕ್ಕೆ ಮೂರು ಸುತ್ತು ಸುತ್ತಿ, ಆ ಸುತ್ತುಗಳ ಒಳಗಿನಿಂದ ತೂರಿಸಿ ಬಿಗಿಯಿರಿ. ಎಡದ ತುದಿಯನ್ನು ಬಲದ ದಾರಕ್ಕೆ ಹಾಗೆಯೇ. ಗಂಟುಗಳನ್ನು ಎಳೆದರೆ ಸರ ಚಿಕ್ಕದು ದೊಡ್ಡದಾಗುತ್ತದೆ. ಒಂದು ಸಲ ಎಳೆದು ಪರೀಕ್ಷಿಸಿ, ಮಿಕ್ಕ ತುದಿ ಕತ್ತರಿಸಿ, ಒಂದು ಹನಿ ಗೋಂದು.

ಕಿವಿಯೋಲೆಗೆ 0.8 ಮಿ.ಮೀ. ತಂತಿ ಬೇಕು, ಬೆಳ್ಳಿಯದಾದರೆ ಒಳ್ಳೆಯದು. ಚಿನಿವಾರರ ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ತಾಮ್ರ ಕಿವಿಯನ್ನು ಹಸಿರು ಮಾಡುತ್ತದೆ.

ಗೆರಟೆಯ ಪದಕ

ಚಿಪ್ಪು, ಕರಟ, ಗೆರಟೆ, ನಿಮ್ಮೂರಲ್ಲಿ ಏನನ್ನುತ್ತಾರೋ ಅದು. ಎಳನೀರಿನದು ಬೇಡ, ಚಟ್ನಿಗೆ ತುರಿದ ಬಲಿತ ಕಾಯಿಯದಾಗಲಿ, ಕೊಬ್ಬರಿಯದಾದರೆ ಇನ್ನೂ ಗಟ್ಟಿ. ಒಳಗಿನ ಕಾಯಿಯ ಪೊರೆ, ಹೊರಗಿನ ನಾರು ಎರಡನ್ನೂ ಕತ್ತಿಯ ಬೆನ್ನಿನಿಂದ ಹೆರೆದು ತೆಗೆಯಿರಿ. ಒಂದು ವಾರ ಒಣಗಲಿ.

ಆಕಾರ ಸರಳವಿರಲಿ. ಹನಿ, ಎಲೆ, ಅರ್ಧಚಂದ್ರ. ಮೊದಲ ಸಲಕ್ಕೇ ನವಿಲು ಬಿಡಿಸಲು ಹೋದವರ ಗೆರಟೆಯೂ ಮುರಿದಿದೆ, ಉತ್ಸಾಹವೂ. ಚಾಕ್‌ಪೀಸಿನಿಂದ ಮೂರೂವರೆ ಸೆಂಟಿಮೀಟರಿನ ಎಲೆ ಬರೆದು, ಮೊದಲು ತೂತು ಕೊರೆಯಿರಿ, ಆಮೇಲೆ ಕತ್ತರಿಸಿ. ಕತ್ತರಿಸಿದ ಮೇಲೆ ಅಂಚಿನ ಹತ್ತಿರ ಕೊರೆಯಲು ಹೋದರೆ ಸೀಳುತ್ತದೆ. ತೂತು 2 ಮಿ.ಮೀ., ಅಂಚಿನಿಂದ 4 ಮಿ.ಮೀ. ಒಳಗೆ. ಕತ್ತರಿಸಲು ಸಣ್ಣ ಹಲ್ಲಿನ ಗರಗಸ, ಫ್ರೆಟ್ ಸಾ. ಅದಿಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿದರೂ ನಡೆಯುತ್ತದೆ. ಧೂಳು ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿ, ಅಂಗಳದಲ್ಲಿ ಕೂತು ಮಾಡಿ.

ಉಜ್ಜುವುದಕ್ಕೆ ಅಡ್ಡದಾರಿ ಇಲ್ಲ. ಪಾಲಿಶ್ ಪೇಪರ್ 80ರಿಂದ ಅಂಚು, 120, 220ರಿಂದ ಮೈ, 400, 600ರಿಂದ ನಯ. ಪ್ರತಿ ನಂಬರಿನಲ್ಲೂ ಹಿಂದಿನ ನಂಬರಿನ ಗೀರು ಪೂರ್ತಿ ಹೋಗುವವರೆಗೆ. ನಡುವೆ ಒಂದು ನಂಬರ್ ಹಾರಿಸಿದರೆ 80ರ ಗೀರು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಕೊನೆಗೆ ಗರಗತ್ತಿ ಎಲೆಯ ಒರಟು ಬದಿಯಿಂದ ಉಜ್ಜುವುದು ನನ್ನ ಚಟ. ಹಿಂದೆ ಮರದ ಸಾಮಾನಿಗೆಲ್ಲ ಅದೇ ಪಾಲಿಶ್ ಪೇಪರ್ ಆಗಿತ್ತು. ಒಂದು ಪಾಲು ಜೇನುಮೇಣ, ಮೂರು ಪಾಲು ಕೊಬ್ಬರಿ ಎಣ್ಣೆ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಆರಿದ ಮೇಲೆ ಬಟ್ಟೆಯಿಂದ ತೀಡಿ. ಅರ್ಧ ಗಂಟೆ ಬಿಟ್ಟು ಒರೆಸಿದರೆ ಗೆರಟೆಯೊಳಗಿನ ಕಂದು ಗೆರೆಗಳು ಏಳುತ್ತವೆ. ವಾರ್ನಿಶ್ ಹೊಡೆದರೆ ಪ್ಲಾಸ್ಟಿಕ್ ಥರ ಕಾಣುತ್ತದೆ, ನನಗಂತೂ ಇಷ್ಟವಿಲ್ಲ.

ಅರಳಿ ಎಲೆಯ ಜಾಲರಿ

ಇದು ಮಳೆಗಾಲದ ಕೆಲಸ. ಬೀಜ ಒಣಗಿಸಲಾಗದ ತಿಂಗಳುಗಳಲ್ಲಿ ಎಲೆ ಕೊಳೆಸಬಹುದು. ಬಲಿತ, ತೂತಿಲ್ಲದ, ತೊಟ್ಟು ಉದ್ದವಿರುವ ಎಲೆ ಆರಿಸಿ. ಎಳೆಯದರ ನರ ಬ್ರಷ್ಷಿಗೆ ತಡೆಯುವುದಿಲ್ಲ.

ನಿಧಾನದ ದಾರಿ: ಅಗಲ ಪಾತ್ರೆಯಲ್ಲಿ ನೀರು ಹಾಕಿ, ಎಲೆ ಮುಳುಗಿಸಿ, ಮೇಲೆ ಕಲ್ಲಿಟ್ಟು, ಮೂರು ನಾಲ್ಕು ವಾರ ಬಿಡಿ. ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಬ್ಯಾಕ್ಟೀರಿಯಾ ಹಸಿರನ್ನು ತಿಂದು ನರವನ್ನು ಬಿಡುತ್ತವೆ. ವಾಸನೆ ಬರುತ್ತದೆ, ಪಾತ್ರೆ ಹಿತ್ತಿಲಲ್ಲಿರಲಿ. ಸೊಳ್ಳೆ ಮೊಟ್ಟೆಯಿಡದ ಹಾಗೆ ಬಟ್ಟೆ ಕಟ್ಟಿ.

ಅವಸರದ ದಾರಿ: ಒಂದು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ವಾಷಿಂಗ್ ಸೋಡಾ, ಹತ್ತು ಎಲೆ, ಸಣ್ಣ ಉರಿಯಲ್ಲಿ ಒಂದು ಗಂಟೆಯ ಆಸುಪಾಸು. ಸ್ಟೀಲ್ ಪಾತ್ರೆಯೇ ಆಗಬೇಕು, ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ. ಎಲೆಯನ್ನು ಬೆರಳಿಂದ ಒತ್ತಿದರೆ ಹಸಿರು ಜಾರಬೇಕು, ಅದು ಹದ.

ಎರಡರಲ್ಲೂ ಮುಂದಿನದು ಒಂದೇ. ನಯವಾದ ಟೈಲ್ ಮೇಲೆ ಎಲೆ ಹರಡಿ, ನೀರು ಸಣ್ಣಗೆ ಬಿಟ್ಟು, ಮೃದುವಾದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಡುನರದಿಂದ ಅಂಚಿನ ಕಡೆಗೆ ಮೆಲ್ಲಗೆ ತಟ್ಟಿ. ಎಳೆಯಬೇಡಿ, ತಟ್ಟಿ. ಬಾಲದ ಉದ್ದ ಮೊನೆಯನ್ನು ಕೊನೆಗೆ ಮುಟ್ಟಿ, ಅಲ್ಲೇ ಎಲ್ಲರದ್ದೂ ಹರಿಯುವುದು. ಒಂದು ಕಡೆ ಮುಗಿದ ಮೇಲೆ ತಿರುಗಿಸಿ. ಹತ್ತರಲ್ಲಿ ನಾಲ್ಕು ಉಳಿದರೆ ಕೈ ಪಳಗಿದೆ. ತೊಳೆದು, ಎರಡು ಒತ್ತುಕಾಗದದ ನಡುವೆ ದಪ್ಪ ಪುಸ್ತಕದಡಿ ಎರಡು ದಿನ.

ಒಣಗಿದ ಎಲೆಗೆ ಫ್ರೇಮು ಹಾಕಿಸಿ, ಪುಟ್ಟ ಚೀಟಿಯಲ್ಲಿ ಮರ ಯಾವ ಊರಿನದು, ಯಾವ ಕಟ್ಟೆಯದು, ಎಂದು ಹೆಕ್ಕಿದ್ದು ಅಂತ ಬರೆದು ಫ್ರೇಮಿನ ಹಿಂದೆ ಅಂಟಿಸಿ. ಎಲೆ ಯಾರದ್ದೂ ಒಂದೇ ಥರ, ಚೀಟಿಯೇ ಅದನ್ನು ನಿಮ್ಮದು ಮಾಡುವುದು. ರಸ್ತೆ ಅಗಲೀಕರಣಕ್ಕೆ ಹೋದ ನಮ್ಮೂರ ಕಟ್ಟೆಯ ಅರಳಿಯ ಆರು ಎಲೆ ಆರು ಮನೆಗಳಲ್ಲಿವೆ.

ಎಪಾಕ್ಸಿ ರೆಸಿನ್, ಅಂದರೆ ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ, ಅದರ ಬಗ್ಗೆಯೂ ಕೇಳುತ್ತಾರೆ, ಮದುವೆ ಹಾರದ ಹೂವನ್ನು ಪದಕದೊಳಗೆ ಹಾಕಿ ಕೊಡಿ ಅಂತ. ನಾನು ಮಾಡುವುದು ಕಡಿಮೆ. ಎಪಾಕ್ಸಿ ಗಟ್ಟಿಯಾಗುವವರೆಗೆ ಅದರ ಸಂಪರ್ಕ ಚರ್ಮಕ್ಕೆ ಒಳ್ಳೆಯದಲ್ಲ, ಗಟ್ಟಿಯಾದ ಮೇಲೆ ಅದು ಪ್ಲಾಸ್ಟಿಕ್ಕೇ. ಮಾಡಲೇಬೇಕಿದ್ದರೆ ನೈಟ್ರೈಲ್ ಗ್ಲೌಸ್, ಗಾಳಿಯಾಡುವ ಕೋಣೆ, ಡಬ್ಬಿಯ ಮೇಲೆ ಬರೆದ ಅಳತೆಯೇ ಪ್ರಮಾಣ. ಹೂವನ್ನು ತೇವ ಹೀರುವ ಸಿಲಿಕಾ ಜೆಲ್ ಹರಳಿನಲ್ಲಿ ಹೂತು ಒಂದು ವಾರ ಬಿಡಿ. ಎಸಳು ಕಾಗದದ ಹಾಗೆ ಸರಸರ ಅನ್ನದಿದ್ದರೆ ರೆಸಿನ್ನಿನೊಳಗೆ ಕಂದಾಗಿ ಕೊಳೆಯುತ್ತದೆ. ಇಲ್ಲೂ ಒಣಗುವುದೇ ಮೊದಲ ಪಾಠ.

ರೆಂಜೆ, ಸುರಗಿ

ಇದಕ್ಕೆ ಡ್ರಿಲ್ ಬೇಡ, ಅಂಟು ಬೇಡ. ರೆಂಜೆ ಅಂದರೆ ಬಕುಳ. ಬೇಸಿಗೆಯ ಬೆಳಗ್ಗೆ ಮರದಡಿ ನಕ್ಷತ್ರದಂತೆ ಉದುರಿರುತ್ತದೆ. ಹೂವಿನ ನಡುವೆ ತೂತು ಇದ್ದೇ ಇದೆ. ಇಬ್ಬನಿ ಆರುವ ಮೊದಲು ಹೆಕ್ಕಿ, ನೆಲದ ಮಣ್ಣು ಕೊಡವಿ, ನೀರಲ್ಲಿ ತೊಳೆಯದೆ ಬಾಳೆನಾರಿನಲ್ಲಿ ಪೋಣಿಸಿ. ಬಾಳೆನಾರು ಒದ್ದೆಯಿದ್ದಾಗ ಬಗ್ಗುತ್ತದೆ, ಒಣಗಿದ ಮೇಲೆ ಮುರಿಯುತ್ತದೆ, ಹಾಗಾಗಿ ಇಡಲೆಂದೇ ಮಾಡುವ ಸರಕ್ಕೆ ನಾನು ಹತ್ತಿ ದಾರ ಹಾಕುತ್ತೇನೆ. ಒಣಗುತ್ತ ಹೂವು ಕುಗ್ಗುತ್ತದೆ. ಒಂದು ಮೊಳ ಸರ ಬೇಕಿದ್ದರೆ ಒಂದೂವರೆ ಮೊಳ ಒತ್ತಾಗಿ ಪೋಣಿಸಿ, ನೆರಳಲ್ಲಿ ನೇತುಹಾಕಿ, ವಾರದ ನಂತರ ಹೂಗಳನ್ನು ಒತ್ತಿಗೆ ಸರಿಸಿ ಗಂಟು ಹಾಕಿ. ಬಿಸಿಲಿಗೆ ಹಾಕಿದರೆ ಪರಿಮಳ ಹಾರಿಹೋಗುತ್ತದೆ.

ಸುರಗಿಯನ್ನೂ ಹಾಗೆಯೇ. ಅದನ್ನು ಮೊಗ್ಗಿದ್ದಾಗ ಕಿತ್ತು ಸೂಜಿಯಿಂದ ಪೋಣಿಸಬೇಕು, ಅರಳಿದ ಹೂವಿನ ಎಸಳು ನಿಲ್ಲುವುದಿಲ್ಲ. ಒಣಗಿದ ಮೇಲೆ ಕಂದಾಗುತ್ತದೆ, ನೋಡಲು ಏನೂ ಇರುವುದಿಲ್ಲ, ಆದರೆ ಡಬ್ಬಿ ತೆಗೆದರೆ ಕೋಣೆ ತುಂಬ ಘಮ. ಕಾಗದದ ಕವರಿನಲ್ಲಿ ಹಾಕಿ ರೇಷ್ಮೆ ಸೀರೆಗಳ ನಡುವೆ ಇಡಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಅಜ್ಜಿಯ ಟ್ರಂಕಿನಲ್ಲಿ ಅವಳು ಪೋಣಿಸಿದ ಕೊನೆಯ ಸುರಗಿ ಸರ ಇನ್ನೂ ಇದೆ. ಪ್ರತಿ ವರ್ಷ ಹೊಸದನ್ನು ಅದರ ಪಕ್ಕ ಇಟ್ಟು, ಹಿಂದಿನ ವರ್ಷದ ನನ್ನದನ್ನು ತೆಗೆದು ತುಳಸಿಯ ಬುಡಕ್ಕೆ ಹಾಕುತ್ತೇನೆ. ಅವಳದನ್ನು ಮುಟ್ಟುವುದಿಲ್ಲ.